ಇಂಗ್ಲಿಷಿನ 'ಟು', ನಮ್ಮ 'ಕ್ಕೆ': ಇನ್ಫಿನಿಟಿವ್ ಅರ್ಥ ಮಾಡಿಕೊಳ್ಳುವ ಬಗೆ

ಕೆಲಸದ ಅರ್ಜಿಯೊಂದನ್ನು ತಿದ್ದಿಸಿಕೊಳ್ಳೋಕೆ ನಮ್ಮ ಬೀದಿಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಬಿ.ಕಾಂ ಮುಗಿದಿದೆ, ಲೆಕ್ಕಪತ್ರ ಬರೆಯುವ ಟ್ಯಾಲಿ ತಂತ್ರಾಂಶ ಕಲಿತಿದ್ದಾಳೆ, ಬೆಂಗಳೂರಿನ ಕಚೇರಿಯೊಂದಕ್ಕೆ ಇಂಗ್ಲಿಷಿನಲ್ಲಿ ಅರ್ಧ ಪುಟದ ಪತ್ರ ಬರೆದುಕೊಂಡಿದ್ದಾಳೆ. ಓದುತ್ತಾ ನಾಲ್ಕು ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. 'ಐ ನೋ ಟು ಯೂಸ್ ಟ್ಯಾಲಿ' ಅನ್ನುವಲ್ಲಿ ಒಂದು. 'ಐ ಡಿಡಂಟ್ ವರ್ಕ್ಡ್ ಎನಿವೇರ್ ಬಿಫೋರ್' ಅನ್ನುವಲ್ಲಿ ಇನ್ನೊಂದು. 'ಮೈ ಲೆಕ್ಚರರ್ ಸಜೆಸ್ಟೆಡ್ ಮಿ ಟು ಅಪ್ಲೈ' ಅನ್ನುವಲ್ಲಿ ಮತ್ತೊಂದು. ಕೊನೆಯ ಸಾಲು, 'ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು.' ಅದರ ಕೆಳಗೂ ಒಂದು ಗೆರೆ.

"ನಾಲ್ಕೂ ಬೇರೆ ಬೇರೆ ತಪ್ಪಾ ಮೇಡಂ?"

"ಇಲ್ಲಮ್ಮಾ, ನಾಲ್ಕೂ ಒಂದೇ ಮನೆಯವು" ಅಂದೆ. ಆ ಮನೆಯ ಹೆಸರು ಇನ್ಫಿನಿಟಿವ್.

ನಮ್ಮ ತರಗತಿಗಳಲ್ಲಿ ಈ ಪಾಠ ಶುರುವಾಗುವುದು 'ಟು'ವಿನ ಮುಂದೆ ಕ್ರಿಯಾಪದ ಇಟ್ಟರೆ ಇನ್ಫಿನಿಟಿವ್ ಎಂಬ ಸೂತ್ರದಿಂದ. ಮುಗಿಯುವುದೂ ಬಹುಮಟ್ಟಿಗೆ ಅಲ್ಲೇ. ಆಮೇಲೆ ಯಾವ ಕ್ರಿಯಾಪದದ ಮುಂದೆ 'ಟು' ಬರುತ್ತದೆ, ಯಾವುದರ ಮುಂದೆ 'ಇಂಗ್' ಬರುತ್ತದೆ ಎನ್ನುವ ಪಟ್ಟಿಗಳನ್ನು ಮಕ್ಕಳು ಉರು ಹೊಡೆಯುತ್ತಾರೆ, ಪರೀಕ್ಷೆ ಮುಗಿದ ಮಾರನೇ ದಿನ ಮರೆಯುತ್ತಾರೆ. ನನಗೆ ಇದರಲ್ಲಿ ನಿಜಕ್ಕೂ ಬೇಸರ ತರುವ ಸಂಗತಿ ಒಂದಿದೆ. ಕನ್ನಡ ಮಾತಾಡುವ ಮಗುವಿಗೆ ಇನ್ಫಿನಿಟಿವ್ ಹೊಸದೇ ಅಲ್ಲ. ಬೆಳಗ್ಗೆ ಎದ್ದು 'ಆಡೋಕೆ ಹೋಗ್ತೀನಿ' ಅನ್ನುವ ಮಗು ಆಗಲೇ ಅದನ್ನು ಬಳಸಿರುತ್ತದೆ. ಅದನ್ನು ಅದಕ್ಕೆ ತೋರಿಸಿಕೊಡುವವರು ಮಾತ್ರ ಕಡಿಮೆ.

ಒಂದು ಸರಳ ವಾಕ್ಯ ತೆಗೆದುಕೊಳ್ಳೋಣ. 'ಹಿ ವೆಂಟ್ ಟು ಹುಬ್ಬಳ್ಳಿ ಟು ಬೈ ಎ ಸೈಕಲ್.' ಇದರಲ್ಲಿ ಎರಡು 'ಟು' ಇವೆ. ಮೊದಲನೆಯದು ಊರಿನ ಹೆಸರಿಗೆ ಮೊದಲು, ಎರಡನೆಯದು ಕ್ರಿಯಾಪದಕ್ಕೆ ಮೊದಲು. ವ್ಯಾಕರಣದ ಪುಸ್ತಕ ಮೊದಲನೆಯದನ್ನು ಪ್ರಿಪೊಸಿಷನ್, ಅಂದರೆ ನಾಮಪದಕ್ಕೆ ಮೊದಲು ಬರುವ ಪದ ಅನ್ನುತ್ತದೆ, ಎರಡನೆಯದನ್ನು ಇನ್ಫಿನಿಟಿವ್‌ನ ಗುರುತು ಅನ್ನುತ್ತದೆ, ಎರಡಕ್ಕೂ ಸಂಬಂಧವೇ ಇಲ್ಲವೇನೋ ಎನ್ನುವ ಹಾಗೆ. ಈಗ ಅದೇ ಮಾತನ್ನು ಕನ್ನಡದಲ್ಲಿ ಹೇಳಿ ನೋಡಿ: ಅವನು ಸೈಕಲ್ ಕೊಳ್ಳೋಕೆ ಹುಬ್ಬಳ್ಳಿಗೆ ಹೋದ. ಹುಬ್ಬಳ್ಳಿ'ಗೆ', ಕೊಳ್ಳೋ'ಕೆ'. ಎರಡೂ ಕಡೆ ಚತುರ್ಥಿ ವಿಭಕ್ತಿಯೇ. ಊರಿನ ಕಡೆಗೆ ಹೋದದ್ದೂ 'ಗೆ', ಕೆಲಸದ ಕಡೆಗೆ ಹೋದದ್ದೂ 'ಕೆ'.

ಇದು ಆಕಸ್ಮಿಕವಾದ ಹೋಲಿಕೆಯಲ್ಲ. ಸಾವಿರ ವರ್ಷಗಳ ಹಿಂದಿನ ಹಳೆ ಇಂಗ್ಲಿಷಿನಲ್ಲಿ ಹಾಡು ಎಂಬ ಕ್ರಿಯಾಪದದ ಇನ್ಫಿನಿಟಿವ್ 'ಸಿಂಗನ್' ಎಂದಿತ್ತು. ಅದು 'ಟು' ಇಲ್ಲದ ಒಂದೇ ಪದ. ಹಾಡುವ ಉದ್ದೇಶಕ್ಕೆ ಎಂದು ಹೇಳಬೇಕಾದಾಗ ಅದಕ್ಕೆ ಚತುರ್ಥಿಯ ಪ್ರತ್ಯಯ ಹತ್ತಿಸಿ, ಮುಂದೆ 'ಕಡೆಗೆ' ಎಂಬ ಅರ್ಥದ 'ಟು' ಸೇರಿಸಿ 'ಟು ಸಿಂಗೆನ್ನೆ' ಅನ್ನುತ್ತಿದ್ದರು. ನಮ್ಮ 'ಹಾಡಲಿಕ್ಕೆ' ಎಂಬುದರ ರಚನೆಯೂ ಹೀಗೆಯೇ. ಕಾಲ ಕಳೆದಂತೆ ಇಂಗ್ಲಿಷಿನ ಪ್ರತ್ಯಯಗಳು ಸವೆದು ಬಿದ್ದುಹೋದವು, 'ಟು' ಉಳಿಯಿತು. ನಮ್ಮಲ್ಲೂ ಸವೆತ ಆಗಿದೆ: ಮಾಡುವುದಕ್ಕೆ ಎನ್ನುವುದು ಮೈಸೂರು ಕಡೆ ಮಾಡೋದಕ್ಕೆ, ಮಾಡೋಕೆ ಆಯಿತು. ಕರಾವಳಿಯಲ್ಲಿ ಮಾಡ್ಲಿಕ್ಕೆ ಅನ್ನುತ್ತಾರೆ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಾಡಾಕ. ಯಾವ ಊರಿನ ಕನ್ನಡವಾದರೂ ಕೊನೆಯಲ್ಲಿ ಆ 'ಕ' ಕೇಳಿಸುತ್ತದೆ.

ಹೆಸರಿನ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಇನ್ಫಿನಿಟಿವ್ ಎಂಬ ಪದ ಲ್ಯಾಟಿನ್ನಿನಿಂದ ಬಂದದ್ದು, ಎಲ್ಲೆ ಇಲ್ಲದ್ದು ಎಂದು ಅದರ ಅರ್ಥ. ಯಾವ ಎಲ್ಲೆ? ಯಾರು, ಎಷ್ಟು ಜನ, ಯಾವಾಗ ಎನ್ನುವ ಎಲ್ಲೆ. 'ಹೋದಳು' ಅಂದರೆ ಒಬ್ಬ ಹೆಂಗಸು, ಆಗಿಹೋದ ಕಾಲ, ಎಲ್ಲ ಗೊತ್ತಾಗುತ್ತದೆ. 'ಹೋಗಲು' ಅಂದರೆ ಏನೂ ಗೊತ್ತಾಗುವುದಿಲ್ಲ. ನಾನು ಹೋಗಲು, ಅವರು ಹೋಗಲು, ನಿನ್ನೆ ಹೋಗಲು, ನಾಳೆ ಹೋಗಲು, ರೂಪ ಬದಲಾಗದು. ನಮ್ಮ ಶಾಲಾ ವ್ಯಾಕರಣ ಇದನ್ನು ಕೃದಂತಾವ್ಯಯ ಎಂಬ ಗುಂಪಿಗೆ ಸೇರಿಸುತ್ತದೆ. ಅವ್ಯಯ ಅಂದರೆ ಬದಲಾಗದ್ದು. ಲ್ಯಾಟಿನ್ ಪಂಡಿತರು ಒಂದು ದಿಕ್ಕಿನಿಂದ, ನಮ್ಮವರು ಇನ್ನೊಂದು ದಿಕ್ಕಿನಿಂದ ನೋಡಿ ಒಂದೇ ಗುಣಕ್ಕೆ ಹೆಸರಿಟ್ಟಿದ್ದಾರೆ. ಇದರಿಂದ ಒಂದು ನೇರ ಪ್ರಯೋಜನವಿದೆ: 'ಶಿ ವಾಂಟ್ಸ್ ಟು ಗೋಸ್' ಎಂದು ಯಾಕೆ ಬರೆಯಬಾರದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬದಲಾಗದ ರೂಪಕ್ಕೆ ಬಾಲ ಅಂಟಿಸುವ ಹಾಗಿಲ್ಲ. ಬದಲಾವಣೆ ಏನಿದ್ದರೂ 'ವಾಂಟ್' ಹೊರುತ್ತದೆ.

ಈಗ ಹುಡುಗಿಯ ಎರಡನೇ ತಪ್ಪಿಗೆ ಬರೋಣ. 'ಡಿಡಂಟ್ ವರ್ಕ್ಡ್', 'ಡಿಡಂಟ್ ವೆಂಟ್', 'ಡಿಡಂಟ್ ಕೇಮ್'. ನಾನು ನೋಡಿದ ಉತ್ತರ ಪತ್ರಿಕೆಗಳಲ್ಲಿ ಇಷ್ಟು ಪಟ್ಟು ಹಿಡಿದು ಕೂತ ತಪ್ಪು ಇನ್ನೊಂದಿಲ್ಲ. ಹುಡುಗಿಗೆ ಹೇಳಿದೆ, "ನಾನು ಹೋದೆ. ಇದನ್ನು ಇಲ್ಲ ಅಂತ ಮಾಡು."

"ನಾನು ಹೋಗಲಿಲ್ಲ."

"ಹೋದಲಿಲ್ಲ ಅಂತ ಯಾಕೆ ಅನ್ನಲಿಲ್ಲ?"

ಅವಳು ನಕ್ಕಳು. ಯಾರೂ ಹಾಗೆ ಅನ್ನುವುದಿಲ್ಲ. ಹೋಗಲಿಲ್ಲ ಎನ್ನುವುದು 'ಹೋಗಲ್' ಮತ್ತು 'ಇಲ್ಲ' ಸೇರಿ ಆದದ್ದು. ಅಲ್ಲಿರುವುದು 'ಹೋದ' ಎಂಬ ಭೂತಕಾಲವಲ್ಲ, 'ಹೋಗಲ್' ಎಂಬ ಇನ್ಫಿನಿಟಿವ್. ಆಗಲಿಲ್ಲ ಎಂಬ ಅರ್ಥ, ಅದು ಯಾವಾಗ ಎಂಬ ಸೂಚನೆ, ಎರಡನ್ನೂ ಆ ಜೋಡಣೆ ಹೇಳುತ್ತದೆ, ಕ್ರಿಯೆ ಮಾತ್ರ ಬದಲಾಗದೆ ನಿಂತಿರುತ್ತದೆ. ಇಂಗ್ಲಿಷಿನಲ್ಲಿ ಕಾಲವನ್ನು 'ಡಿಡ್' ಹೊತ್ತುಕೊಂಡಿದೆ, ಇಲ್ಲ ಎಂಬುದನ್ನು 'ನಾಟ್' ಹೊತ್ತುಕೊಂಡಿದೆ, ಉಳಿದದ್ದು 'ಗೋ'. ಅದೂ ಇನ್ಫಿನಿಟಿವ್, 'ಟು' ಇಲ್ಲದ ಇನ್ಫಿನಿಟಿವ್. 'ಡಿಡಂಟ್ ವೆಂಟ್' ಅನ್ನುವುದು 'ಹೋದಲಿಲ್ಲ' ಅಂದಷ್ಟೇ ಕಿವಿಗೆ ಕಿರಿಕಿರಿ. ಒಮ್ಮೆ ಕಿವಿಗೆ ಹೀಗೆ ಕೇಳಿಸಿತೆಂದರೆ ಆ ತಪ್ಪು ಮತ್ತೆ ಬರುವುದಿಲ್ಲ. ಅವಳ ಪತ್ರದಲ್ಲಿ 'ಐ ಹ್ಯಾವ್ ನಾಟ್ ವರ್ಕ್ಡ್ ಎನಿವೇರ್ ಬಿಫೋರ್' ಎಂದು ಬರೆಸಿದೆ, ಇಲ್ಲಿಯವರೆಗೆ ಎಂಬ ಅರ್ಥ ಅಲ್ಲಿ ಬೇಕಿತ್ತು. ಆದರೆ 'ಡಿಡಂಟ್'ನ ಗುಟ್ಟು ಅವಳಿಗೆ ಅಂದೇ ಸಿಕ್ಕಿತು.

'ಕ್ಯಾನ್', 'ಮೇ', 'ಮಸ್ಟ್', 'ಶುಡ್', 'ವಿಲ್' ಇವುಗಳ ಮುಂದೆಯೂ 'ಟು' ಬರುವುದಿಲ್ಲ. ನಮ್ಮಲ್ಲಿ? ಹೋಗಬಹುದು, ಹೋಗಬೇಕು, ಹೋಗಬಾರದು, ಹೋಗಬಲ್ಲೆ. 'ಹೋಗ' ಎಂಬ ಬರಿಯ ರೂಪದ ಮೇಲೆ ನೇರವಾಗಿ ಬಹುದು, ಬೇಕು, ಬಾರದು ಬಂದು ಕೂತಿವೆ, ನಡುವೆ 'ಕ್ಕೆ' ಇಲ್ಲ. ಹೋಗೋಕೆಬಹುದು ಎಂದು ಯಾರೂ ಹೇಳುವುದಿಲ್ಲ, ಹಾಗೆಯೇ 'ಕ್ಯಾನ್ ಟು ಗೋ' ಇಲ್ಲ. 'ಐ ಕ್ಯಾನ್ ಏಬಲ್ ಟು ಡೂ' ಎಂಬುದು ನಮ್ಮ ಸಂದರ್ಶನಗಳಲ್ಲಿ ತುಂಬಾ ಕೇಳಿಬರುತ್ತದೆ. 'ಕ್ಯಾನ್' ಅಂದರೇನೇ ಬಲ್ಲೆ, 'ಆಮ್ ಏಬಲ್ ಟು' ಅಂದರೂ ಬಲ್ಲೆ. ಎರಡರಲ್ಲಿ ಒಂದು ಸಾಕು. ಬೇಕು ಎಂಬ ಅರ್ಥದ 'ಆಟ್' ಒಂದು ಮಾತ್ರ ತನ್ನ ಜೊತೆಗಾರರನ್ನು ಬಿಟ್ಟು 'ಟು' ಕೇಳುತ್ತದೆ: 'ಯು ಆಟ್ ಟು ರೆಸ್ಟ್.'

ಇನ್ನೊಂದು ಹೋಲಿಕೆ ಹೇಳದೆ ಮುಂದೆ ಹೋಗಲಾರೆ, ಅದು ನನಗೆ ಅಷ್ಟು ಇಷ್ಟ. ದಿನಪತ್ರಿಕೆಯಲ್ಲಿ 'ಮುಖ್ಯಮಂತ್ರಿಗಳು ನಾಳೆ ಬರಲಿದ್ದಾರೆ' ಎಂದು ಓದುತ್ತೇವೆ. ಬರಲ್, ಇದ್ದಾರೆ. ಇದಕ್ಕೆ ಸರಿಯಾದ ಇಂಗ್ಲಿಷ್ 'ದ ಚೀಫ್ ಮಿನಿಸ್ಟರ್ ಈಸ್ ಟು ಕಮ್ ಟುಮಾರೋ.' 'ಈಸ್' ನಮ್ಮ ಇದ್ದಾರೆ, 'ಟು ಕಮ್' ನಮ್ಮ ಬರಲ್. ಇಂಗ್ಲಿಷ್ ಪತ್ರಿಕೆಯ ತಲೆಬರಹದಲ್ಲಿ ಜಾಗ ಉಳಿಸಲು 'ಈಸ್' ಬಿಟ್ಟು 'ಸಿಎಂ ಟು ವಿಸಿಟ್ ಮೈಸೂರು' ಎಂದು ಹಾಕುತ್ತಾರೆ. ಅದು ಅಪೂರ್ಣ ವಾಕ್ಯವಲ್ಲ, ಇನ್ಫಿನಿಟಿವ್ ಬಳಸಿ ಭವಿಷ್ಯ ಹೇಳುವ ಪದ್ಧತಿ.

ಇನ್ಫಿನಿಟಿವ್ ಒಂಟಿಯಾಗಿ ಬರುವುದು ಕಡಿಮೆ. ಏನನ್ನು, ಯಾರಿಗೆ, ಯಾವಾಗ, ಹೇಗೆ ಎಂಬುದನ್ನೆಲ್ಲ ಕಟ್ಟಿಕೊಂಡೇ ಬರುತ್ತದೆ. ಆ ಇಡೀ ಗಂಟಿಗೆ ಇನ್ಫಿನಿಟಿವ್ ಫ್ರೇಸ್ ಎಂದು ಹೆಸರು. 'ಹಿ ವಾಂಟೆಡ್ ಟು ಬೈ ಎ ನ್ಯೂ ಸೈಕಲ್ ಫಾರ್ ಹಿಸ್ ಡಾಟರ್ ಬಿಫೋರ್ ದ ಫೆಸ್ಟಿವಲ್.' ಇಲ್ಲಿ 'ಟು ಬೈ' ಇಂದ 'ಫೆಸ್ಟಿವಲ್' ತನಕ ಒಂದೇ ಗಂಟು. ಕನ್ನಡದಲ್ಲಿ ಅದೇ ಗಂಟನ್ನು ಬಿಚ್ಚಿ ನೋಡಿ: ಹಬ್ಬದೊಳಗೆ, ಮಗಳಿಗೆ, ಹೊಸ ಸೈಕಲ್, ಕೊಡಿಸೋಕೆ. ಕನ್ನಡಿಯಲ್ಲಿ ಕಂಡ ಹಾಗೆ ಪೂರ್ತಿ ತಿರುಗುಮುರುಗು. ನಮ್ಮಲ್ಲಿ ಕ್ರಿಯೆ ಗಂಟಿನ ಕೊನೆಯಲ್ಲಿ, ಇಂಗ್ಲಿಷಿನಲ್ಲಿ ಗಂಟಿನ ಬಾಯಲ್ಲೇ. ಉದ್ದನೆಯ ಇಂಗ್ಲಿಷ್ ವಾಕ್ಯ ಓದಿ ತಲೆ ಕೆಟ್ಟಾಗ 'ಟು' ಹುಡುಕಿ ಅದರಿಂದ ಗಂಟಿನ ಕೊನೆಯವರೆಗೆ ಹೋಗಿ, ಕೊನೆಯಿಂದ ಹಿಂದಕ್ಕೆ ಓದುತ್ತಾ ಬನ್ನಿ. ಕನ್ನಡ ತಾನಾಗಿ ಹೊಂದಿಕೊಳ್ಳುತ್ತದೆ. ಬರೆಯುವಾಗ ಇದರ ಉಲ್ಟಾ: ಕನ್ನಡದಲ್ಲಿ ಯೋಚಿಸಿದ್ದರೆ ಮೊದಲು ಕೊನೆಯ ಪದವನ್ನು, ಅಂದರೆ 'ಕೊಡಿಸೋಕೆ'ಯಂಥ 'ಓಕೆ' ಪದವನ್ನು ಎತ್ತಿಕೊಂಡು 'ಟು' ಮಾಡಿ ಮುಂದೆ ಇಟ್ಟುಬಿಡಿ.

ಈ ಗಂಟು ವಾಕ್ಯದಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ತಿಳಿಯೋಕೆ ನಾಮಪದ, ವಿಶೇಷಣ, ಕ್ರಿಯಾವಿಶೇಷಣ ಎಂಬ ಹೆಸರುಗಳಿಗಿಂತ ಮೂರು ಪ್ರಶ್ನೆಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ ಎಂದು ನನ್ನ ಅನುಭವ. ಏನು, ಎಂಥದು, ಯಾಕೆ. ಅವನಿಗೆ ಏನು ಬೇಕಿತ್ತು? 'ಟು ಬೈ ಎ ಸೈಕಲ್.' ಅದು ನಾಮಪದದ ಜಾಗ. ಅವನು ಹುಬ್ಬಳ್ಳಿಗೆ ಯಾಕೆ ಹೋದ? 'ಟು ಬೈ ಎ ಸೈಕಲ್.' ಅದು ಕ್ರಿಯಾವಿಶೇಷಣದ ಜಾಗ. ಅದೇ ಗಂಟು, ಕೂತ ಜಾಗ ಬೇರೆ. ಯಾಕೆ ಎಂಬ ಪ್ರಶ್ನೆಗೆ ಉತ್ತರವಾಗಿ ನಮ್ಮವರು 'ಫಾರ್ ಬೈಯಿಂಗ್ ಎ ಸೈಕಲ್', ಇನ್ನೂ ಕೆಲವರು 'ಫಾರ್ ಟು ಬೈ' ಎಂದು ಬರೆಯುತ್ತಾರೆ. ಒಬ್ಬರು ಯಾವ ಉದ್ದೇಶಕ್ಕೆ ಹೋದರು ಎನ್ನುವಾಗ 'ಟು' ಒಂದೇ ಸಾಕು. 'ಫಾರ್' ಸೇರಿದ 'ಇಂಗ್' ರೂಪ ಒಂದು ವಸ್ತು ಯಾವುದಕ್ಕೆ ಬಳಕೆ ಎಂದು ಹೇಳುವಾಗ ಬರುತ್ತದೆ: 'ಎ ನೈಫ್ ಫಾರ್ ಕಟಿಂಗ್ ವೆಜಿಟಬಲ್ಸ್', ತರಕಾರಿ ಹೆಚ್ಚುವ ಚಾಕು.

ಎಂಥದು ಎಂಬ ಪ್ರಶ್ನೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಕುಡಿಯೋಕೆ ನೀರು, 'ವಾಟರ್ ಟು ಡ್ರಿಂಕ್.' ಸರಿಯಾಗಿ ಹೊಂದಿತು. ಬರೆಯೋಕೆ ಪೆನ್ನು? 'ಎ ಪೆನ್ ಟು ರೈಟ್ ವಿತ್.' ಕೂರೋಕೆ ಕುರ್ಚಿ, 'ಎ ಚೇರ್ ಟು ಸಿಟ್ ಆನ್.' ಇರೋಕೆ ಮನೆ, 'ಎ ಹೌಸ್ ಟು ಲಿವ್ ಇನ್.' ಆ ಕೊನೆಯ 'ವಿತ್', 'ಆನ್', 'ಇನ್' ನಮ್ಮಲ್ಲಿ ಕಾಣಿಸುವುದೇ ಇಲ್ಲ, ಆದ್ದರಿಂದ ಬರೆಯುವಾಗ ಬಿಟ್ಟುಹೋಗುತ್ತವೆ. ನೀರನ್ನು ಕುಡಿಯುತ್ತೇವೆ, ನಡುವೆ ಏನೂ ಬೇಡ. ಆದರೆ ಪೆನ್ನನ್ನು ಬರೆಯುವುದಿಲ್ಲ, ಪೆನ್ನಿನಿಂದ ಬರೆಯುತ್ತೇವೆ. ಕುರ್ಚಿಯನ್ನು ಕೂರುವುದಿಲ್ಲ, ಕುರ್ಚಿಯ ಮೇಲೆ ಕೂರುತ್ತೇವೆ. ಆ 'ಇಂದ', ಆ 'ಮೇಲೆ' ಇಂಗ್ಲಿಷಿನಲ್ಲಿ ಗಂಟಿನ ಕೊನೆಯಲ್ಲಿ ಹಾಜರಿರಲೇಬೇಕು. ಅನುಮಾನ ಬಂದರೆ ಪೂರ್ತಿ ವಾಕ್ಯ ಮಾಡಿ ನೋಡಿಕೊಳ್ಳಿ.

ಯಾರು ಕೂರೋಕೆ ಎಂದು ಹೇಳಬೇಕಾದರೆ 'ಫಾರ್' ಬರುತ್ತದೆ. ನಾವು ಕೂರೋಕೆ ಜಾಗ ಇಲ್ಲ: 'ದೇರ್ ಈಸ್ ನೋ ಪ್ಲೇಸ್ ಫಾರ್ ಅಸ್ ಟು ಸಿಟ್.' 'ನಾವು' ಎಂಬುದು ಅಲ್ಲಿ 'ವಿ' ಆಗಲಾರದು. ಎಲ್ಲೆ ಇಲ್ಲದ ಕ್ರಿಯೆಗೆ ಸ್ವಂತ ಕರ್ತೃವನ್ನು ನೇರವಾಗಿ ಕಟ್ಟಿಕೊಳ್ಳುವ ಹಕ್ಕು ಇಂಗ್ಲಿಷಿನಲ್ಲಿಲ್ಲ. ಇದೇ ಕಾರಣಕ್ಕೆ 'ಹೌ ಟು ಗೋ ಟು ಮೆಜೆಸ್ಟಿಕ್?' ಎನ್ನುವುದು ಪ್ರಶ್ನೆಯಾಗಿ ನಿಲ್ಲುವುದಿಲ್ಲ. ಅದರಲ್ಲಿ ಯಾರು ಎಂಬುದೇ ಇಲ್ಲ. ಕೇಳುವಾಗ 'ಹೌ ಡೂ ಐ ಗೆಟ್ ಟು ಮೆಜೆಸ್ಟಿಕ್?' ಎನ್ನಬೇಕು. ಬಸ್ ನಿಲ್ದಾಣದ ಫಲಕದ ತಲೆಬರಹವಾಗಿ 'ಹೌ ಟು ಗೋ' ಇರಬಹುದು, ಅಡ್ಡಿಯಿಲ್ಲ.

ಚಹಾದ ಲೋಟ ಮುಂದಿಟ್ಟುಕೊಂಡು ಒಂದು ವಾಕ್ಯ ನೋಡೋಣ. ಟೀ ತುಂಬಾ ಬಿಸಿ ಇದೆ, ಕುಡಿಯೋಕೆ ಆಗಲ್ಲ. ಇಂಗ್ಲಿಷಿನಲ್ಲಿ 'ದ ಟೀ ಈಸ್ ಟೂ ಹಾಟ್ ಟು ಡ್ರಿಂಕ್.' ಇಲ್ಲಿ 'ಆಗಲ್ಲ' ಎಲ್ಲಿ ಹೋಯಿತು? 'ನಾಟ್' ಎಂಬ ಪದವೇ ಇಲ್ಲ. ಅದು ಆ ದೀರ್ಘದ 'ಟೂ' ಒಳಗೆ ಅಡಗಿದೆ. 'ವೆರಿ' ಅಂದರೆ ಬರೀ ತುಂಬಾ, 'ಟೂ' ಅಂದರೆ ಆಗದಷ್ಟು. 'ವೆರಿ ಹಾಟ್' ಟೀಯನ್ನು ಕೆಲವರು ಇಷ್ಟಪಟ್ಟು ಕುಡಿಯುತ್ತಾರೆ, 'ಟೂ ಹಾಟ್' ಟೀಯನ್ನು ಯಾರೂ ಕುಡಿಯಲಾರರು. ಹೊಗಳಿಕೆಗೆ 'ಯುವರ್ ಡಾಟರ್ ಈಸ್ ಟೂ ಇಂಟೆಲಿಜೆಂಟ್' ಎನ್ನುವವರು ಈ ಒಂದು ಲೋಟ ಟೀ ನೆನಪಿಟ್ಟುಕೊಂಡರೆ ಸಾಕು. ಇನ್ನೊಂದು ಸಂಗತಿ, 'ಟು ಡ್ರಿಂಕ್ ಇಟ್' ಎಂದು ಕೊನೆಗೆ 'ಇಟ್' ಹಾಕಬಾರದು. ಟೀ ಆಗಲೇ ವಾಕ್ಯದ ತಲೆಯಲ್ಲಿ ಕೂತಿದೆ. ಇದಕ್ಕೆ ಎದುರಾದದ್ದು 'ಇನಫ್': 'ಶಿ ಈಸ್ ಓಲ್ಡ್ ಇನಫ್ ಟು ವೋಟ್', ಅವಳಿಗೆ 18 ತುಂಬಿದೆ, ಮತ ಹಾಕುವಷ್ಟು ವಯಸ್ಸಾಗಿದೆ. 'ಇನಫ್' ಗುಣವಾಚಕದ ನಂತರ ಬರುತ್ತದೆ, 'ಇನಫ್ ಓಲ್ಡ್' ಆಗುವುದಿಲ್ಲ.

ಎಲ್ಲರೂ ಹೆದರುವ ಭಾಗ ಇನ್ನು ಮುಂದೆ: ಎಲ್ಲಿ 'ಟು', ಎಲ್ಲಿ 'ಇಂಗ್'. ಪಟ್ಟಿ ಉರು ಹೊಡೆಯುವ ಮೊದಲು ಈ ಎರಡು ವಾಕ್ಯ ನೋಡಿ. 'ಹಿ ಸ್ಟಾಪ್ಡ್ ಟು ಡ್ರಿಂಕ್ ಟೀ.' 'ಹಿ ಸ್ಟಾಪ್ಡ್ ಡ್ರಿಂಕಿಂಗ್ ಟೀ.' ಮೊದಲನೆಯದು, ಅವನು ಟೀ ಕುಡಿಯೋಕೆ ನಿಂತ. ಎರಡನೆಯದು, ಅವನು ಟೀ ಕುಡಿಯೋದು ನಿಲ್ಲಿಸಿದ. ಒಂದರಲ್ಲಿ ಟೀ ಇನ್ನು ಬರಬೇಕು, ಇನ್ನೊಂದರಲ್ಲಿ ಟೀ ಕುಡಿತ ಆಗಲೇ ನಡೆದಿತ್ತು. 'ಕುಡಿಯೋಕೆ'ಯ 'ಓಕೆ' ಮತ್ತು 'ಕುಡಿಯೋದು' ಎಂಬುದರ 'ಓದು' ಇವುಗಳ ನಡುವಿನ ವ್ಯತ್ಯಾಸವೇ 'ಟು' ಮತ್ತು 'ಇಂಗ್' ನಡುವಿನ ವ್ಯತ್ಯಾಸ. 'ಟು' ಹುಬ್ಬಳ್ಳಿಯ ದಾರಿಯ 'ಟು', ಮುಂದಕ್ಕೆ ಕೈ ತೋರಿಸುತ್ತದೆ. 'ಇಂಗ್' ಆದದ್ದನ್ನು, ಆಗುತ್ತಿರುವುದನ್ನು ಒಂದು ವಸ್ತುವಿನ ಹಾಗೆ ಕೈಗೆತ್ತಿಕೊಳ್ಳುತ್ತದೆ.

ಇದನ್ನು ಹಿಡಿದು 'ರಿಮೆಂಬರ್' ನೋಡಿ. 'ಐ ರಿಮೆಂಬರ್ಡ್ ಟು ಲಾಕ್ ದ ಡೋರ್', ಬೀಗ ಹಾಕೋಕೆ ನೆನಪಾಯಿತು, ಆಮೇಲೆ ಹಾಕಿದೆ. 'ಐ ರಿಮೆಂಬರ್ ಲಾಕಿಂಗ್ ದ ಡೋರ್', ಬೀಗ ಹಾಕಿದ್ದು ನೆನಪಿದೆ. ಊರಿಗೆ ಹೊರಟು ಬಸ್ಸು ಹತ್ತಿದ ಮೇಲೆ ನಮ್ಮನ್ನು ಕಾಡುವುದು ಈ ಎರಡನೆಯ ವಾಕ್ಯವೇ. 'ಟ್ರೈ' ಇನ್ನೂ ಸೊಗಸು. 'ಐ ಟ್ರೈಡ್ ಟು ಓಪನ್ ದ ವಿಂಡೋ', ಕಿಟಕಿ ತೆಗೆಯೋಕೆ ನೋಡಿದೆ, ಬಹುಶಃ ಆಗಲಿಲ್ಲ. 'ಐ ಟ್ರೈಡ್ ಓಪನಿಂಗ್ ದ ವಿಂಡೋ', ಕಿಟಕಿ ತೆಗೆದು ನೋಡಿದೆ, ಸೆಕೆ ಕಡಿಮೆ ಆಗುತ್ತದಾ ಅಂತ. ತೆಗೆಯೋಕೆ ನೋಡುವುದು, ತೆಗೆದು ನೋಡುವುದು. ಇಂಗ್ಲಿಷ್ ಕಲಿಸುವ ಪುಸ್ತಕಗಳು ಅರ್ಧ ಪುಟ ವಿವರಿಸುವ ಈ ವ್ಯತ್ಯಾಸ ಕನ್ನಡದ ಎರಡು ಪದದಲ್ಲಿ ಮುಗಿದುಹೋಗುತ್ತದೆ.

'ಹೋಪ್', 'ಪ್ಲಾನ್', 'ಡಿಸೈಡ್', 'ಪ್ರಾಮಿಸ್', 'ಅಗ್ರೀ', 'ರಿಫ್ಯೂಸ್', 'ಎಕ್ಸ್‌ಪೆಕ್ಟ್' ಇವೆಲ್ಲ ಮುಂದೆ ನೋಡುವ ಕ್ರಿಯೆಗಳು, ಹಾಗಾಗಿ 'ಟು' ಕೇಳುತ್ತವೆ. 'ಫಿನಿಶ್', 'ಎಂಜಾಯ್', 'ಅಡ್ಮಿಟ್', 'ಡಿನೈ', 'ಕೀಪ್' ಇವು ಆದದ್ದನ್ನೋ ನಡೆಯುತ್ತಿರುವುದನ್ನೋ ಮುಟ್ಟುವ ಕ್ರಿಯೆಗಳು, 'ಇಂಗ್' ಕೇಳುತ್ತವೆ. ಈ ಸೂತ್ರ ಎಲ್ಲ ಕಡೆ ಹೊಂದುತ್ತದೆ ಎಂದು ನಾನು ಹೇಳಿದರೆ ಅದು ಮೋಸ. 'ಅವಾಯ್ಡ್' ಮತ್ತು 'ಸಜೆಸ್ಟ್' ಮುಂದಿನದನ್ನೇ ಕುರಿತರೂ 'ಇಂಗ್' ಬೇಕು ಅನ್ನುತ್ತವೆ. 'ಲೈಕ್', 'ಸ್ಟಾರ್ಟ್', 'ಬಿಗಿನ್' ಎರಡನ್ನೂ ಒಪ್ಪುತ್ತವೆ, ಅರ್ಥ ಹೆಚ್ಚೇನೂ ಬದಲಾಗುವುದಿಲ್ಲ. ಸೂತ್ರ ಮುಕ್ಕಾಲು ದಾರಿ ಕರೆದುಕೊಂಡು ಹೋಗುತ್ತದೆ, ಉಳಿದ ಕಾಲು ದಾರಿಗೆ ಓದು, ಕೇಳು, ಬೇರೆ ಉಪಾಯವಿಲ್ಲ.

ಒಬ್ಬರು ಇನ್ನೊಬ್ಬರಿಗೆ ಏನಾದರೂ ಮಾಡೋಕೆ ಹೇಳುವ ವಾಕ್ಯಗಳಲ್ಲಿ ನಮ್ಮ ಹೋಲಿಕೆ ಅರ್ಧ ನೆರವಾಗುತ್ತದೆ, ಅರ್ಧ ದಾರಿ ತಪ್ಪಿಸುತ್ತದೆ. ನನಗೆ ಬರೋಕೆ ಹೇಳಿದ: 'ಹಿ ಟೋಲ್ಡ್ ಮಿ ಟು ಕಮ್.' ಇದು ಸಲೀಸು. 'ನನಗೆ' ಎಂಬುದನ್ನು ನೋಡಿ 'ಟೋಲ್ಡ್ ಟು ಮಿ' ಮಾಡದಿದ್ದರೆ ಆಯಿತು. ಬೇಡ ಎನ್ನುವಾಗ 'ನಾಟ್' ಅನ್ನು 'ಟು'ಗಿಂತ ಮೊದಲು ಇಡಿ: 'ದ ಡಾಕ್ಟರ್ ಟೋಲ್ಡ್ ಹರ್ ನಾಟ್ ಟು ಈಟ್ ಸ್ವೀಟ್ಸ್.' 'ಟು ಡೋಂಟ್ ಈಟ್' ಅನ್ನುವುದು 'ತಿನ್ನಬೇಡ ಅಂದ್ರು' ಎಂಬುದರ ನೆರಳು. ನೀನು ಬರಬೇಕು ಅಂತ ನನಗೆ ಆಸೆ ಎನ್ನುವುದನ್ನು 'ಐ ವಾಂಟ್ ದಟ್ ಯು ಕಮ್' ಮಾಡುತ್ತೇವೆ. ಇಂಗ್ಲಿಷಿಗೆ ಅಲ್ಲಿ 'ಅಂತ' ಬೇಡ, ಇನ್ಫಿನಿಟಿವ್ ಬೇಕು: 'ಐ ವಾಂಟ್ ಯು ಟು ಕಮ್.'

ದಾರಿ ತಪ್ಪಿಸುವುದು 'ಲೆಟ್' ಮತ್ತು 'ಮೇಕ್'. ಅವಳನ್ನು ಹೋಗೋಕೆ ಬಿಟ್ಟರು. 'ಓಕೆ' ಇದೆ, ಆದ್ದರಿಂದ 'ಲೆಟ್ ಹರ್ ಟು ಗೋ' ಎಂದು ಬರೆಯಲು ಕೈ ಹೋಗುತ್ತದೆ. ತಪ್ಪು. 'ದೇ ಲೆಟ್ ಹರ್ ಗೋ.' 'ಮೇಕ್' ಕೂಡ ಹೀಗೆಯೇ, 'ದೇ ಮೇಡ್ ಅಸ್ ವೇಟ್', ನಮ್ಮನ್ನು ಕಾಯಿಸಿದರು. ನಾವು 'ಇಸು' ಪ್ರತ್ಯಯ ಹಚ್ಚಿ ಒಂದೇ ಪದದಲ್ಲಿ ಹೇಳುವುದನ್ನು ಇಂಗ್ಲಿಷ್ 'ಮೇಡ್' ಮತ್ತು 'ವೇಟ್' ಎಂದು ಎರಡು ಮಾಡಿ ಹೇಳುತ್ತದೆ, ನಡುವೆ 'ಟು' ಬಿಡುವುದಿಲ್ಲ. ಆದರೆ ಅದನ್ನೇ ಕರ್ಮಣಿಗೆ ತಿರುಗಿಸಿದಾಗ 'ಟು' ಮರಳಿ ಬರುತ್ತದೆ: 'ವಿ ವರ್ ಮೇಡ್ ಟು ವೇಟ್.' 'ಸೀ', 'ಹಿಯರ್' ಕೂಡ 'ಟು' ಇಲ್ಲದೆ ನಡೆಯುತ್ತವೆ, 'ಐ ಸಾ ಹಿಮ್ ಫಾಲ್.' 'ಹೆಲ್ಪ್' ಹೇಗೆ ಬರೆದರೂ ಸರಿ. ಇವು ಬೆರಳೆಣಿಕೆಯವು, ಇಷ್ಟನ್ನು ಮಾತ್ರ ಕಂಠಪಾಠ ಮಾಡಿದರೆ ನಷ್ಟವಿಲ್ಲ.

ಹುಡುಗಿಯ ಪತ್ರದ 'ಸಜೆಸ್ಟೆಡ್ ಮಿ ಟು ಅಪ್ಲೈ' ಇಲ್ಲಿಗೆ ಸೇರುತ್ತದೆ. 'ಸಜೆಸ್ಟ್' ಎಂಬುದು ಒಬ್ಬ ವ್ಯಕ್ತಿಯನ್ನು ಹಿಡಿದು 'ಟು' ಕಡೆ ತಳ್ಳುವ ಕ್ರಿಯೆಯಲ್ಲ. 'ಸಜೆಸ್ಟೆಡ್ ದಟ್ ಐ ಅಪ್ಲೈ' ಎನ್ನಬಹುದು. 'ಟು' ಉಳಿಸಿಕೊಳ್ಳಬೇಕಿದ್ದರೆ ಕ್ರಿಯಾಪದ ಬದಲಿಸಿ 'ಅಡ್ವೈಸ್ಡ್ ಮಿ ಟು ಅಪ್ಲೈ' ಎನ್ನಬಹುದು. ಅವಳು ಎರಡನೆಯದನ್ನು ಆರಿಸಿಕೊಂಡಳು.

'ಐ ನೋ ಟು ಯೂಸ್ ಟ್ಯಾಲಿ' ನಮ್ಮ 'ಟ್ಯಾಲಿ ಬಳಸೋಕೆ ಬರುತ್ತೆ' ಎಂಬುದರಿಂದ ನೇರವಾಗಿ ಇಳಿದದ್ದು. ಈಜೋಕೆ ಬರಲ್ಲ, ಕಾರು ಓಡಿಸೋಕೆ ಗೊತ್ತಿಲ್ಲ, ಇವೆಲ್ಲ ಇಂಗ್ಲಿಷಿಗೆ ಹೋದಾಗ ಹೇಗೆ ಎಂಬ ಪದ ಸೇರಿಸಿಕೊಳ್ಳಬೇಕು. 'ನೋ' ಅಂದರೆ ಒಂದು ವಿಷಯ ತಿಳಿದಿರುವುದು, ಕೆಲಸ ಕೈಗೆ ಹತ್ತಿರುವುದಲ್ಲ. ಕೆಲಸ ಮಾಡುವ ಬಗೆ ತಿಳಿದಿದೆ ಎನ್ನಲು 'ಐ ನೋ ಹೌ ಟು ಯೂಸ್ ಟ್ಯಾಲಿ.' ಇದೇ ಅಚ್ಚಿನಲ್ಲಿ 'ವಾಟ್ ಟು ಸೇ', 'ವೇರ್ ಟು ಗೋ', 'ಹೂಮ್ ಟು ಆಸ್ಕ್': ಏನು ಹೇಳಬೇಕು, ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲ. ನಮ್ಮ 'ಬೇಕು ಅಂತ' ಇಡೀ ಅವರ 'ಟು' ಒಂದರಲ್ಲಿ ಅಡಗುತ್ತದೆ.

ಇನ್ಫಿನಿಟಿವ್‌ಗೆ ಕಾಲದ ಎಲ್ಲೆ ಇಲ್ಲವಾದರೂ ಮೊದಲು, ಆಮೇಲೆ ಎಂಬುದನ್ನು ತೋರಿಸಬಲ್ಲದು. 'ಶಿ ಸೀಮ್ಸ್ ಟು ಲೀವ್ ಅರ್ಲಿ' ಅಂದರೆ ಬೇಗ ಹೋಗುವ ಅಭ್ಯಾಸ ಇರುವ ಹಾಗಿದೆ. 'ಶಿ ಸೀಮ್ಸ್ ಟು ಹ್ಯಾವ್ ಲೆಫ್ಟ್' ಅಂದರೆ ಹೊರಟುಹೋದ ಹಾಗಿದೆ. ಮಾಡಬೇಕಾದ ಕೆಲಸ ಎನ್ನಲು 'ವರ್ಕ್ ಟು ಬಿ ಡನ್'. ಇದರ ಬಗ್ಗೆ ಇಷ್ಟು ಸಾಕು.

'ಟು' ಮತ್ತು ಕ್ರಿಯಾಪದದ ನಡುವೆ ಬೇರೆ ಪದ ತೂರಿಸಬಾರದು ಎಂಬ ನಿಯಮವನ್ನು ನೀವು ಕೇಳಿರಬಹುದು. 'ಟು ಕ್ಲಿಯರ್ಲಿ ಅಂಡರ್‌ಸ್ಟ್ಯಾಂಡ್' ತಪ್ಪು ಎಂದು ಕೆಂಪು ಮಸಿಯಲ್ಲಿ ಗುರುತು ಮಾಡುವ ಮೇಷ್ಟ್ರುಗಳು ಇಂದಿಗೂ ಇದ್ದಾರೆ. 1864ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯ ದೊಡ್ಡ ಚರ್ಚಿನ ಡೀನ್, ಅಂದರೆ ಅಲ್ಲಿನ ಮುಖ್ಯ ಪಾದ್ರಿ ಆಗಿದ್ದ ಹೆನ್ರಿ ಆಲ್ಫರ್ಡ್ ಇದಕ್ಕೆ ಆಕ್ಷೇಪ ಎತ್ತಿದ್ದರು. ಲ್ಯಾಟಿನ್ನಿನಲ್ಲಿ ಇನ್ಫಿನಿಟಿವ್ ಒಂದೇ ಪದ, ಪ್ರೀತಿಸಲು ಎನ್ನುವುದು 'ಅಮಾರೆ', ಒಡೆಯಲು ಬರುವುದಿಲ್ಲ, ಆದ್ದರಿಂದ ಇಂಗ್ಲಿಷಿನಲ್ಲೂ ಒಡೆಯಬಾರದು ಎಂಬ ವಾದವೂ ಇತ್ತು. ನಮ್ಮ 'ಹಾಡಲಿಕ್ಕೆ' ಕೂಡ ಒಡೆಯಲಾಗದ್ದು. ಆದರೆ ಇಂಗ್ಲಿಷಿನ 'ಟು' ಅಂಟಿದ ಪ್ರತ್ಯಯವಲ್ಲ, ಬಿಡಿ ಪದವಾಗಿ ಬಂದು ಪಕ್ಕದಲ್ಲಿ ನಿಂತದ್ದು, ನಡುವೆ ಜಾಗ ಇದೆ. 1998ರಲ್ಲಿ ಬಂದ ಆಕ್ಸ್‌ಫರ್ಡ್‌ನ ಹೊಸ ನಿಘಂಟು ಹೀಗೆ ಒಡೆಯುವುದನ್ನು ಒಪ್ಪಿಕೊಂಡಿತು. ಕೆಲವೊಮ್ಮೆ ಒಡೆಯದೆ ಗತಿಯೇ ಇಲ್ಲ: 'ವಿ ಎಕ್ಸ್‌ಪೆಕ್ಟ್ ದ ಪ್ರೈಸ್ ಟು ಮೋರ್ ದ್ಯಾನ್ ಡಬಲ್.' ಆ 'ಮೋರ್ ದ್ಯಾನ್' ಅನ್ನು ಬೇರೆಲ್ಲಿ ಇಟ್ಟರೂ ವಾಕ್ಯ ಕೆಡುತ್ತದೆ. ಮಕ್ಕಳ ಅಂಕವನ್ನು ಈ ಒಂದು ಕಾರಣಕ್ಕೆ ಕಡಿಯಬೇಡಿ ಎಂದು ಶಿಕ್ಷಕ ಮಿತ್ರರಲ್ಲಿ ಕೇಳಿಕೊಳ್ಳುತ್ತೇನೆ.

ಪತ್ರದ ಕೊನೆಯ ಸಾಲು ಉಳಿದಿತ್ತು. 'ಐ ಲುಕ್ ಫಾರ್ವ‌ರ್ಡ್ ಟು ಹಿಯರ್ ಫ್ರಮ್ ಯು.' "ಇದರಲ್ಲಿ 'ಟು' ಇದೆ, ಮುಂದೆ ನೋಡುವ ಅರ್ಥವೂ ಇದೆ, ನೀವು ಹೇಳಿದ ಹಾಗೇ ಬರೆದಿದ್ದೀನಲ್ಲ ಮೇಡಂ" ಎಂದು ಹುಡುಗಿ ವಾದ ಹೂಡಿದಳು. ಒಳ್ಳೆಯ ವಾದವೇ. ಆದರೆ ಈ 'ಟು' ಹುಬ್ಬಳ್ಳಿಯ ಮೊದಲನೆಯ 'ಟು', ಎರಡನೆಯದಲ್ಲ. ಇದು ಇನ್ನೂ ಪ್ರಿಪೊಸಿಷನ್ ಆಗಿಯೇ ಉಳಿದಿದೆ, ಅದರ ಮುಂದೆ ಊರಿನ ಹೆಸರಿನಂಥ ಒಂದು ನಾಮಪದ ಬೇಕು. ಗುರುತಿಸುವುದು ಹೇಗೆ? 'ಟು' ಮುಂದೆ ಒಂದು ನಾಮಪದ ಇಟ್ಟು ನೋಡುವುದು. 'ಐ ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ', ಸರಿಯಾಗಿ ಕೂತಿತು. ಹಾಗಾದರೆ ಅಲ್ಲಿ ಕ್ರಿಯೆ ಬಂದರೂ ನಾಮಪದದ ವೇಷದಲ್ಲಿ, 'ಇಂಗ್' ಹಚ್ಚಿಕೊಂಡೇ ಬರಬೇಕು. 'ಐ ವಾಂಟ್ ಟು ಯುವರ್ ರಿಪ್ಲೈ' ಎಂದು ಹೇಳಿ ನೋಡಿದರೆ ಕೂರುವುದಿಲ್ಲ, ಹಾಗಾಗಿ 'ವಾಂಟ್' ಮುಂದಿನ 'ಟು' ಇನ್ಫಿನಿಟಿವ್‌ನದು. ಇದೇ ಪರೀಕ್ಷೆಯಲ್ಲಿ 'ಐ ಆಮ್ ಯೂಸ್ಡ್ ಟು ದ ಹೀಟ್' ನಿಲ್ಲುತ್ತದೆ, ಹಾಗಾಗಿ 'ಐ ಆಮ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ', ನನಗೆ ಬೇಗ ಏಳೋದು ಅಭ್ಯಾಸ. 'ಐ ಯೂಸ್ಡ್ ಟು ಗೆಟ್ ಅಪ್ ಅರ್ಲಿ' ಬೇರೆಯೇ ಮಾತು, ಮೊದಲು ಬೇಗ ಏಳ್ತಿದ್ದೆ, ಈಗಿಲ್ಲ.

ಅವಳು ಪೆನ್ನು ತೆಗೆದುಕೊಂಡು 'ಹಿಯರ್' ಮುಂದೆ 'ಇಂಗ್' ಬರೆದಳು. ಒಮ್ಮೆ ಜೋರಾಗಿ ಓದಿಕೊಂಡಳು, ತುಟಿಯಲ್ಲೇ ಕನ್ನಡ ಮಾಡಿಕೊಂಡಳು, ಆಮೇಲೆ ಅರ್ಜಿಯನ್ನು ಬಿಳಿ ಹಾಳೆಯ ಮೇಲೆ ಮೊದಲಿನಿಂದ ಬರೆಯೋಕೆ ಕೂತಳು.